ಐದು ನಾಲಿಗೆ, ಒಂದು ಹಲ್ಲು

ಗಂಜಿ ಸೀದ ದಿನ ಲೆಂಪಿಗೆ ತನ್ನ ಮೂಗು ಹೋಗಿರುವುದು ಗೊತ್ತಾಯಿತು.

"ಲೆಂಪಿ, ತಳ ಹತ್ತಿದೆ ಕಣೇ," ಎಂದು ಗಂಡ ರೇಯ್ನೊ ಒಳಗಿನಿಂದ ಹೇಳಿದ. ಅವನು ಕೂತಿದ್ದದ್ದು ಎರಡು ಬಾಗಿಲಾಚೆ. ಅವಳು ನಿಂತಿದ್ದದ್ದು ಒಲೆಯ ಮುಂದೆ, ಸೌಟು ಹಿಡಿದು, ಪಾತ್ರೆಯ ಮೇಲೇ ಬಗ್ಗಿಕೊಂಡು. ಹೊಗೆ ಕಣ್ಣಿಗೆ ಕಾಣುತ್ತಿತ್ತು. ಮೂಗಿಗೆ ಬರೀ ಗಾಳಿ.

ಬೇರೆಯವರಿಗಾದರೆ ಇದು ಸಣ್ಣ ಸಂಗತಿ. ಚಳಿಗಾಲದ ಜ್ವರ ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು ಉಳಿಯುತ್ತದೆ, ಕೆಲವರಿಗೆ ಕೀಲುನೋವು. ಆದರೆ ಫಿನ್‌ಲೆಂಡಿನ ಹಮೆ ಸೀಮೆಯ ಆ ಪುಟ್ಟ ಊರು ಯೋಕಿಕುಲ್ಮಾದಲ್ಲಿ ಲೆಂಪಿ ಎಂದರೆ ಮೂಗು, ಮೂಗು ಎಂದರೆ ಲೆಂಪಿ. ಮೂವತ್ತನಾಲ್ಕು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಹಾಲಿನ ಲಾರಿಯವನು ಕ್ಯಾನು ಇಳಿಸುವಾಗಲೇ, "ಮೂರನೇದು ವಾಪಸ್ ತಗೊಂಡೋಗಪ್ಪ, ನಾಳೆ ಬೆಳಿಗ್ಗೆಗೆ ಒಡೆಯುತ್ತೆ," ಎಂದಿದ್ದಳು ಒಮ್ಮೆ. ಅವನು ನಕ್ಕು ಹೋದ. ಮರುದಿನ ಆ ಹಾಲು ಒಡೆಯಿತು. ಅಂದಿನಿಂದ ಊರಿನಲ್ಲಿ ಯಾರ ಮನೆಯ ನೆಲಮಾಳಿಗೆಯಲ್ಲಿ ಏನು ಕೊಳೆತರೂ ಲೆಂಪಿಗೆ ಕರೆ ಬರುತ್ತಿತ್ತು. ಕೊನೆಗೆ ಸಹ್ತಿ ಸ್ಪರ್ಧೆಯ ತೀರ್ಪುಗಾರರ ಮೇಜಿಗೂ ಕರೆ ಬಂತು. ಹತ್ತೊಂಬತ್ತು ವರ್ಷದಿಂದ ಆ ಕುರ್ಚಿ ಅವಳದೇ.

ಸಹ್ತಿ ಆ ಸೀಮೆಯ ಮನೆಬಿಯರು. ಬಾರ್ಲಿ ಮತ್ತು ರೈ ಧಾನ್ಯದ ಮೊಳಕೆ ಕಟ್ಟಿ ಒಣಗಿಸಿ, ನುಚ್ಚು ಮಾಡಿ, ದಿನವಿಡೀ ಬಿಸಿನೀರಿನಲ್ಲಿ ನೆನೆಸಿ, ಕೂರ್ನಾದಲ್ಲಿ ಸೋಸುತ್ತಾರೆ. ಕೂರ್ನಾ ಅಂದರೆ ಒಂದೇ ಮರದ ದಿಮ್ಮಿ ಕೊರೆದು ಮಾಡಿದ ದೋಣಿಯಂಥ ತೊಟ್ಟಿ. ತಳಕ್ಕೆ ಜುನಿಪರ್ ಸೊಪ್ಪಿನ ಹಾಸು, ತುದಿಯಲ್ಲೊಂದು ತೂಬು. ಇಳಿದ ರಸಕ್ಕೆ ರೊಟ್ಟಿಯ ಯೀಸ್ಟು ಹಾಕಿ ಒಂದು ವಾರ ತಂಪಿನಲ್ಲಿಟ್ಟರೆ ಮುಗಿಯಿತು. ನೊರೆ ಇಲ್ಲ, ಗುಳ್ಳೆ ಇಲ್ಲ. ಮಣ್ಣು ಕದಡಿದ ಹೊಳೆಯ ಬಣ್ಣ, ಬಾಳೆಗಿಡವನ್ನೇ ಕಾಣದ ಊರಿನಲ್ಲಿ ಬಾಳೆಹಣ್ಣಿನ ಪರಿಮಳ. ಅದನ್ನು ಕುಡಿದು "ಕುಡೀಬಹುದು" ಎಂದರೆ ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. "ಹುಳಿ" ಎಂದರೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಯಾಕೆಂದರೆ ಹುಳಿ ಬರುವುದು ತೊಳೆಯದ ಕೂರ್ನಾದಿಂದ, ಮತ್ತು ಕೂರ್ನಾ ತೊಳೆಯದ ಮನೆಯಲ್ಲಿ ಇನ್ನು ಏನೇನು ತೊಳೆಯುವುದಿಲ್ಲವೋ ಎಂದು ಊರು ಲೆಕ್ಕ ಹಾಕುತ್ತ ಹೋಗುತ್ತದೆ.

ಆರೋಗ್ಯ ಕೇಂದ್ರದ ವೈದ್ಯೆ ಲೆಂಪಿಯ ಮೂಗಿಗೆ ದೀಪ ಬಿಟ್ಟು ನೋಡಿ ಹೇಳಿದ್ದಳು: "ಉಪ್ಪು, ಸಿಹಿ, ಹುಳಿ, ಕಹಿ ಇವು ನಾಲಿಗೆ ಕೆಲಸ. ಅದೆಲ್ಲ ನಿಮಗಿದೆ. ಮಿಕ್ಕಿದ್ದು ಮೂಗಿಂದು. ಬಂದ್ರೆ ಬರುತ್ತೆ. ಕಾಯಿರಿ."

ಲೆಂಪಿ ಹತ್ತಿರ ಹತ್ತಿರ ಎರಡು ವರ್ಷ ಕಾದಳು. ಬರಲಿಲ್ಲ. ರೇಯ್ನೊ ಒಬ್ಬನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಸಹ್ತಿ ಮಾಡುವುದನ್ನು ನಿಲ್ಲಿಸಿ, ಬೆನ್ನುನೋವು ಅಂದಳು. ತೀರ್ಪುಗಾರಿಕೆಯನ್ನು ಮಾತ್ರ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂದು ಕೇಳುವುದು ಸುಲಭ. ನಿವೃತ್ತಳಾದ ಅಡುಗೆಯವಳನ್ನು ಊರು ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಯಾವುದಕ್ಕೂ ಕೇಳುವುದಿಲ್ಲ. ಆಗಸ್ಟ್‌ನ ಮೊದಲ ಶನಿವಾರ ಒಂದು ದಿನ, ಅಗ್ನಿಶಾಮಕ ದಳದ ಸಭಾಂಗಣದಲ್ಲಿ, ಬಿಳಿ ಮೇಜುಬಟ್ಟೆಯ ಮೇಲೆ ಅವಳ ಹೆಸರು ಬರೆದ ಒಂದು ಚೀಟಿ ಇರುತ್ತದೆ. ಕುರ್ಚಿ ಬಿಡಲಾರದವರನ್ನು ನಾವು ರಾಜಧಾನಿಗಳಲ್ಲಿ ಹುಡುಕುತ್ತೇವೆ. ಕುರ್ಚಿ ಎಷ್ಟು ಸಣ್ಣದೋ ಅದಕ್ಕೆ ಅಂಟಿಕೊಳ್ಳುವ ಗೋಂದು ಅಷ್ಟೇ ಗಟ್ಟಿ.

ಜ್ವರದ ಮೊದಲ ವರ್ಷ ಪಾರಾಗಿದ್ದಳು. ಉಪಾಯ ಸರಳ. ಎದುರಿಗೆ ಕೂರುವವನು ಮುಖ್ಯ ತೀರ್ಪುಗಾರ ಅರ್ಮಾಸ್. ಡೈರಿಯಲ್ಲಿ ಹಾಲು ಪರೀಕ್ಷೆ ಮಾಡಿ ನಿವೃತ್ತನಾದವನು. ಅವನ ಮುಖ ತೆರೆದ ಪುಸ್ತಕ. ಹುಬ್ಬು ಏರಿದರೆ ಎಂಟು, ತುಟಿ ಒಳಗೆ ಹೋದರೆ ಐದು. ಲೆಂಪಿ ಓದಿದಳು, ಬರೆದಳು. ಕೊನೆಯಲ್ಲಿ ಇಬ್ಬರ ಅಂಕಗಳೂ ಹೊಂದಿಕೊಂಡಾಗ ಅರ್ಮಾಸ್, "ನೋಡ್ರಿ, ಮೂಗು ಅಂದ್ರೆ ಇದು," ಎಂದು ಎಲ್ಲರೆದುರು ಹೇಳಿದ. ಅವಳಿಗೆ ಆ ರಾತ್ರಿ ಊಟ ಸೇರಲಿಲ್ಲ. ಆದರೆ ಮರುವರ್ಷದ ಚೀಟಿಗೆ ಬೇಡ ಅನ್ನಲೂ ಇಲ್ಲ.

ಈ ಸಲ ಹದಿನಾರು ಮನೆಯ ಸಹ್ತಿ ಬಂದಿತ್ತು. ವ್ಯವಸ್ಥೆ ನೋಡಿಕೊಳ್ಳುವ ಕಾರೀನಾ ಜಾಡಿಗಳ ಹೆಸರು ಕಿತ್ತು ನಂಬರು ಅಂಟಿಸಿದಳು. ನೆಲಮಾಳಿಗೆಯ ಮಂಜುಗಡ್ಡೆಯಿಂದ ಎತ್ತಿದ ಜಾಡಿಯಿಂದ ಐದು ಲೋಟಕ್ಕೆ ಬಗ್ಗಿಸುತ್ತ ಹೋದಳು. ನಡುನಡುವೆ ಬಾಯಿ ತೊಳೆಯಲು ನೀರು, ರೈ ರೊಟ್ಟಿಯ ಚೂರು. ಅಂಕದ ಹಾಳೆಯಲ್ಲಿ ಬಣ್ಣಕ್ಕೆ ಐದು, ವಾಸನೆಗೆ ಹತ್ತು, ರುಚಿಗೆ ಇಪ್ಪತ್ತು, ಬಾಯಿಗೆ ಸಿಗುವ ದಪ್ಪಕ್ಕೆ ಐದು, ಒಟ್ಟಂದಕ್ಕೆ ಹತ್ತು. ಬಲಗಡೆ ಮೇಲ್ತುದಿಯಲ್ಲಿ ದೋಷಗಳ ಚೌಕ: ಹುಳಿ, ಸೀದದ್ದು, ಬೂಷ್ಟು, ನೀರುನೀರು. ಮೂವರು "ಹುಳಿ"ಗೆ ಗುರುತು ಹಾಕಿದರೆ ಆ ಜಾಡಿ ಮುಂದಿನ ಸುತ್ತಿಗಿಲ್ಲ. ಹಾಳೆಯ ಕೆಳಗೆ ಎರಡು ಗೆರೆ, ಮಾಡಿದವರಿಗೆ ಬುದ್ಧಿಮಾತು ಬರೆಯಲು. ಅದನ್ನು ಖಾಲಿ ಬಿಟ್ಟರೆ ಕಾರೀನಾ ವಾಪಸ್ ತಂದು ಎದುರಿಗೆ ಇಡುತ್ತಿದ್ದಳು.

ಬರೆದು ಮುಗಿಯುವ ತನಕ ಯಾರೂ ತುಟಿ ಬಿಚ್ಚಬಾರದು. ಇದು ಕಟ್ಟುನಿಟ್ಟು. ಮುಖ ಮುಚ್ಚಿಕೊಳ್ಳಬೇಕು ಎಂದು ಮಾತ್ರ ನಿಯಮದಲ್ಲಿ ಎಲ್ಲೂ ಇಲ್ಲ.

ಏಳನೆಯ ಜಾಡಿ ಬಂತು. ಲೆಂಪಿ ಲೋಟ ಎತ್ತಿದಳು. ಹಳೆಯ ಜೇನಿನ ಬಣ್ಣ. ಪದ್ಧತಿಯಂತೆ ಮೂಗಿಗೆ ಹಿಡಿದಳು; ಗಾಳಿ. ಗುಟುಕು ತೆಗೆದುಕೊಂಡಳು. ನಾಲಿಗೆ ಸಿಹಿ ಎಂದಿತು. ಹಿಂದೆಯೇ ರೈ ಧಾನ್ಯದ ಸಣ್ಣ ಕಹಿ ಎಂದಿತು. ಅಷ್ಟೇ ಎಂದಿತು.

ಆಮೇಲೆ ಅವಳು ತಲೆ ಎತ್ತಿ ಪುಸ್ತಕ ಓದಿದಳು. ಅರ್ಮಾಸನ ಎಡಗಣ್ಣು ಮುಚ್ಚಿಹೋಗಿತ್ತು. ಕೆನ್ನೆ ಕಿವಿಯ ಕಡೆ ಎಳೆದಿತ್ತು. ಲೋಟವನ್ನು ಅವನು ಮೇಜಿಗೆ ಕುಕ್ಕಿದ.

ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಕೆಟ್ಟ ಮುಖವನ್ನು ಅವಳು ನೋಡಿರಲಿಲ್ಲ. ತನಗೆ ಏನೂ ಸಿಗುತ್ತಿಲ್ಲವಲ್ಲ, ಹುಳಿಗೂ ಒಂದು ವಾಸನೆ ಇದೆ, ನಾಲಿಗೆಗೆ ಇಳಿಯುವ ಮೊದಲು ಅದು ಮೂಗಿಗೆ ಬರುತ್ತದೆ, ತನಗೆ ತಪ್ಪಿದ್ದು ಅದೇ ಇರಬೇಕು. ಹೀಗೆ ತನಗೆ ತಾನೇ ಹೇಳಿಕೊಂಡು ಬಲ ಮೂಲೆಯ ಚೌಕಕ್ಕೆ ಪೆನ್ನು ಒಯ್ದಳು. ಕೆಳಗಿನ ಎರಡು ಗೆರೆ ಖಾಲಿ ಇತ್ತು. "ಕೂರ್ನಾ ಸರಿಯಾಗಿ ತೊಳೆಯಿರಿ" ಎಂದು ಬರೆದಳು. ಎಷ್ಟೋ ವರ್ಷ ಎಷ್ಟೋ ಹಾಳೆಗೆ ಬರೆದ ಮಾತು. ಕೈ ತಾನಾಗಿ ಬರೆಯಿತು.

ಐದು ಹಾಳೆಯಲ್ಲೂ ಹುಳಿಗೆ ಗುರುತು ಬಿದ್ದಿತ್ತು. ಸಂಜೆ ಅರ್ಮಾಸ್ ಅಂಗಳದಲ್ಲಿ ನಂಬರುಗಳ ಹೆಸರು ಬಿಚ್ಚಿ ಓದಿದ. ಏಳು: ವಿಯೆನೊ ಕಸ್ಕೆಲಾ.

ವಿಯೆನೊ ಊರಿನ ಬಸ್ಸು ಓಡಿಸುವವಳು. ಐವತ್ತೆಂಟು ವಯಸ್ಸು, ಒಂಟಿ ಹೆಂಗಸು, ಮಾತು ಒರಟು, ಬಸ್ಸು ನಿಮಿಷಕ್ಕೆ ಸರಿಯಾಗಿ. ಅವಳ ಕೂರ್ನಾ ಅಜ್ಜಿಯ ಕಾಲದ್ದು. ಆ ಮನೆಯ ಎಲ್ಲ ಮದುವೆಗೂ ಸಹ್ತಿ ಆ ಕೂರ್ನಾದಿಂದಲೇ ಇಳಿದದ್ದು. ಎರಡು ವಾರ ಬಿಟ್ಟು ಅವಳ ಅಕ್ಕನ ಮಗಳು ತೂಲಿಯಾಳ ಮದುವೆ. ಹೆಸರು ಓದಿದಾಗ ಯಾರೂ ಏನೂ ಅನ್ನಲಿಲ್ಲ. ಆ ಊರಿನವರು ಬಾಯಿಬಿಟ್ಟು ಅವಮಾನ ಮಾಡುವುದಿಲ್ಲ. ಪಕ್ಕದಲ್ಲಿ ನಿಂತಿದ್ದವರು ಅರ್ಧ ಹೆಜ್ಜೆ ಸರಿಯುತ್ತಾರೆ. ವಿಯೆನೊ ಐದು ಹಾಳೆ ಇಸಕೊಂಡು, ಮಡಿಸಿ, ಜೇಬಿಗೆ ಹಾಕಿಕೊಂಡು ಹೋದಳು.

ಸೋಮವಾರ ಲೆಂಪಿ ಅಂಗಡಿಗೆ ಹೋದಾಗ ಬಿಲ್ಲು ಹಾಕುತ್ತಿದ್ದದ್ದು ತೂಲಿಯಾಳೇ.

"ಮದುವೆ ತಯಾರಿ ಎಲ್ಲಿಗೆ ಬಂತಮ್ಮ?"

"ಬಂತು ಲೆಂಪಿ ಅತ್ತೆ. ಸಹ್ತಿ ಒಂದು ಬೇರೆ ಕಡೆ ಹೇಳ್ತಿದ್ದೀವಿ." ತೂಲಿಯಾ ಬೆಣ್ಣೆಯ ಪೊಟ್ಟಣವನ್ನು ಎರಡು ಸಲ ಯಂತ್ರಕ್ಕೆ ತೋರಿಸಿ, ಒಂದನ್ನು ಅಳಿಸಿದಳು. "ಅಮ್ಮ ಬೇಡ ಅಂದುಬಿಟ್ಲು. ಗಂಡಿನ ಕಡೆಯವರು ನೂರು ಜನ, ಹೊಟ್ಟೆ ಕೆಟ್ರೆ ಏನು ಮಾಡ್ತೀಯ ಅಂತ. ಚಿಕ್ಕಮ್ಮ ಆಯ್ತು ಅಂದ್ಲು. ನಾನು ಬೆಳಿಗ್ಗೆ ಅವಳ ಬಸ್ಸಲ್ಲೇ ಬರೋದು ಅಲ್ವಾ, ಕನ್ನಡೀಲಿ ಕೂಡ ನನ್ನ ನೋಡ್ಲಿಲ್ಲ."

"ಅಯ್ಯೋ," ಎಂದಳು ಲೆಂಪಿ.

"ನೀವೆಲ್ಲ ಸರಿಯಾಗೇ ನೋಡಿರ್ತೀರಲ್ಲ. ನಿಮ್ಮ ಮೂಗು ಯಾವತ್ತಾದ್ರೂ ತಪ್ಪಿದ್ಯಾ."

ಲೆಂಪಿ ಚೀಲ ಎತ್ತಿಕೊಂಡು ಬಂದಳು. ಬೆಣ್ಣೆಯನ್ನು ಅಲ್ಲೇ ಬಿಟ್ಟು ಬಂದಿದ್ದಳು.

ಮಂಗಳವಾರ ಅವಳ ರಕ್ತದೊತ್ತಡದ ದಿನ. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಅರ್ಮಾಸ್ ಕೂತಿದ್ದ. ಎಡಗೆನ್ನೆ ಬನ್ನಿನಂತೆ ಊದಿತ್ತು, ಬಾಯಿಯಲ್ಲಿ ಹತ್ತಿ.

"ಇದೇನೋ ಅರ್ಮಾಸ್, ಯಾರು ಹೊಡೆದ್ರು?"

"ಹಲ್ಲು ಕಣೇ. ಕಿತ್ತಾಕಿದ್ರು." ಹತ್ತಿಯ ಸಂದಿನಿಂದ ಮಾತು ಉಗುಳಿದಂತೆ ಬಂತು. "ಜೂನ್‌ನಿಂದ ಸತಾಯಿಸ್ತಾ ಇತ್ತು. ಶನಿವಾರ ಆ ಕಾರೀನಾ ಮಂಜುಗಡ್ಡೆ ಥರ ಇರೋದನ್ನ ತಂದು ಬಗ್ಗಿಸಿದ್ಲಲ್ಲ, ಏಳನೇದು, ನೇರ ನರಕ್ಕೆ ಹೋಗಿ ಕೂತ್ಕೊಳ್ತು. ನಕ್ಷತ್ರ ಕಾಣಿಸ್ತು ನಂಗೆ."

ಲೆಂಪಿ ಅವನ ಪಕ್ಕ ಕೂತಳು. ನಿಧಾನವಾಗಿ ಕೂತಳು.

"ಏಳನೇದು ಹುಳಿ ಇತ್ತಾ ಅರ್ಮಾಸ್?"

"ನಂಗೇನು ಗೊತ್ತು. ಬಾಯಿ ಪೂರ್ತಿ ಮರಗಟ್ಟಿತ್ತು."

"ಮತ್ತೆ ಗುರುತು ಹಾಕಿದ್ಯಲ್ಲ."

"ನೀನು ಹಾಕ್ದೆ, ನಾನು ಹಾಕ್ದೆ." ಇದರಲ್ಲಿ ಕೇಳುವುದೇನಿದೆ ಎನ್ನುವಂತೆ ಅವನು ಅವಳನ್ನು ನೋಡಿದ. "ನಿನ್ನ ಪೆನ್ನು ಬಲಗಡೆ ಮೂಲೆಗೆ ಹೋಗಿದ್ದು ಕಾಣಿಸ್ತು. ಅಲ್ಲಿ ಇರೋದು ದೋಷ ತಾನೇ. ಲೆಂಪಿ ಮೂಗಿಗೆ ಸಿಕ್ಕಿದೆ ಅಂದ್ರೆ ಇರುತ್ತೆ ಅನ್ಕೊಂಡೆ. ಮಿಕ್ಕ ಮೂವರು ನಮ್ಮಿಬ್ಬರನ್ನೂ ನೋಡ್ತಾ ಕೂತಿದ್ರು, ಅವರ ಹಣೆಬರಹ ನಿಂಗೆ ಗೊತ್ತಲ್ಲ."

ಅವಳು ಅವನ ಮುಖ ನೋಡಿದ್ದಳು. ಅವನು ಅವಳ ಪೆನ್ನು ನೋಡಿದ್ದ. ಮೂವರು ಇಬ್ಬರನ್ನೂ ನೋಡಿದ್ದರು. ಮೇಜಿನ ಮೇಲಿದ್ದ ಸಹ್ತಿಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಐದು ನಾಲಿಗೆ ಸೇರಿ ಕೊಟ್ಟ ತೀರ್ಪು ಒಂದು ಹುಳುಕು ಹಲ್ಲಿನದಾಗಿತ್ತು.

"ಅರ್ಮಾಸ್, ನಂಗೆ ಮೂಗಿಲ್ಲ," ಎಂದಳು. "ಎರಡು ವರ್ಷ ಆಯ್ತು. ನಾನು ನಿನ್ನ ಮುಖ ನೋಡಿ ಬರೀತಿದ್ದೆ."

ಅರ್ಮಾಸ್ ಹತ್ತಿಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದ. ನಗುವುದೋ ಬಿಡುವುದೋ ಅವನಿಗೆ ತಿಳಿಯಲಿಲ್ಲ. ನಕ್ಕರೆ ನೋಯುತ್ತಿತ್ತು.

"ಸುಮ್ನಿರು," ಎಂದ ಕೊನೆಗೆ. "ಯಾರ ಮುಂದೂ ಬಾಯಿ ಬಿಡಬೇಡ. ಹಿಂದಿನದನ್ನೆಲ್ಲ ಕೆದಕ್ತಾರೆ. ಇಪ್ಪತ್ತೆರಡು ವರ್ಷ ಕಟ್ಟಿದ ಸ್ಪರ್ಧೆ ಇದು. ಮುಂದಿನ ವರ್ಷ ವಿಯೆನೊಗೆ ನಾಲ್ಕು ಅಂಕ ಜಾಸ್ತಿ ಹಾಕಿದ್ರಾಯ್ತು, ಸಮ ಆಗುತ್ತೆ."

"ಮದುವೆ ಮುಂದಿನ ವರ್ಷ ಅಲ್ಲ ಅರ್ಮಾಸ್. ಹನ್ನೊಂದು ದಿನ ಇದೆ."

"ಮದುವೇಲಿ ಏನೋ ಒಂದು ಕುಡೀತಾರೆ ಬಿಡು."

ಅರ್ಮಾಸ್ ಕೆಟ್ಟವನಲ್ಲ. ಇಪ್ಪತ್ತೆರಡು ವರ್ಷ ಒಂದು ಲೋಟ ಸಹ್ತಿಯನ್ನೂ ಮನೆಗೆ ಒಯ್ಯದವನು. ಆದರೆ "ಮುಂದಿನ ವರ್ಷ ಸಮ ಮಾಡೋಣ" ಎಂಬ ಆ ಒಂದು ಮಾತಿದೆಯಲ್ಲ, ಅದನ್ನು ಹೇಳುವವರು ಯಾವಾಗಲೂ ತೀರ್ಪು ಕೊಟ್ಟವರೇ. ತೀರ್ಪು ತಿಂದವರು ಅದನ್ನು ಹೇಳಿದ್ದನ್ನು ಯಾರೂ ಕೇಳಿಲ್ಲ. ತಪ್ಪು ಮಾಡಿದ ಕಚೇರಿ, ತಪ್ಪು ಬರೆದ ಪತ್ರಿಕೆ, ತಪ್ಪು ಗುರುತು ಹಾಕಿದ ಪೆನ್ನು, ಎಲ್ಲಕ್ಕೂ ಮೊದಲು ನೆನಪಾಗುವುದು ಸಂಸ್ಥೆಯ ಮರ್ಯಾದೆ. ವಿಯೆನೊಳ ಮರ್ಯಾದೆ ಯಾವ ಸಂಸ್ಥೆಯದೂ ಅಲ್ಲ. ಅದಕ್ಕೆ ಕಾಯಲು ಅಧ್ಯಕ್ಷರಿಲ್ಲ.

ಎರಡು ದಿನ ಲೆಂಪಿ ಮನೆಯಲ್ಲೇ ಇದ್ದಳು. ಗುರುವಾರ ಎಂದಿನಂತೆ ಬಟಾಣಿ ಸೂಪು ಮಾಡಿ, ರೇಯ್ನೊಗೆ ಬಡಿಸಿ, ಕೋಟು ಹಾಕಿಕೊಂಡಳು.

"ವಿಯೆನೊ ಮನೆಗೆ ಹೋಗಿ ಬರ್ತೀನಿ."

ರೇಯ್ನೊ ಸೂಪಿಗೆ ಸಾಸಿವೆ ಕಲಸುತ್ತ ಕೂತ. ಅವನಿಗೆ ಎಲ್ಲ ಗೊತ್ತಿತ್ತು. "ತಿಂದು ಹೋಗು," ಎಂದ. "ಬೈಸ್ಕೊಳ್ಳೋಕೂ ಶಕ್ತಿ ಬೇಕು."

ವಿಯೆನೊಳ ಅಂಗಳದಲ್ಲಿ ಕೂರ್ನಾ ಎರಡು ಮರದ ಸ್ಟ್ಯಾಂಡುಗಳ ಮೇಲೆ ಬೋರಲು ಬಿದ್ದಿತ್ತು. ಬೂದಿನೀರಿನಲ್ಲಿ ಉಜ್ಜಿ ಉಜ್ಜಿ ಮರ ಬಿಳಿಚಿಕೊಂಡು, ಒಂದು ಬದಿಗೆ ಕೂದಲೆಳೆಯ ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಬಕೆಟ್ಟು, ಬ್ರಷ್ಷು. ಗೋಡೆಗೆ ಒರಗಿಸಿದ ಗರಗಸ. ವಿಯೆನೊ ಮೊಣಕೈ ತನಕ ಕೆಂಪಾಗಿ ನಿಂತಿದ್ದಳು.

"ಬಾ ತೀರ್ಪುಗಾರ್ತಿ," ಎಂದಳು. "ಸರಿಯಾಗಿ ತೊಳೆದಿದ್ದೀನಾ ನೋಡು. ಮೂರು ಸಲ ಆಯ್ತು. ನಾಳೆ ಗರಗಸ ಹಾಕಿ ಸೌನಾ ಒಲೆಗೆ ತುರುಕ್ತೀನಿ. ಮರಕ್ಕೆ ಒಂದು ಸಲ ಹುಳಿ ಇಳಿದ್ರೆ ಹೋಗಲ್ಲ ಅಂತ ನಮ್ಮಜ್ಜಿ ಹೇಳೋಳು."

"ಕತ್ತರಿಸಬೇಡ ವಿಯೆನೊ."

ವಿಯೆನೊ ಏಪ್ರನ್ನಿನ ಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆ ತೆಗೆದಳು. ಒದ್ದೆ ಬೆರಳಿನ ಗುರುತು ಅದರ ತುಂಬ. "ಕೂರ್ನಾ ಸರಿಯಾಗಿ ತೊಳೆಯಿರಿ. ಇದು ನಿನ್ನ ಅಕ್ಷರ ಅಲ್ವಾ? ಮಿಕ್ಕ ನಾಲ್ಕು ಜನ ಗುರುತು ಹಾಕಿ ಏನೋ ಗೀಚಿ ಬಿಟ್ಟಿದ್ದಾರೆ. ಬುದ್ಧಿ ಹೇಳಿದೋಳು ನೀನೊಬ್ಳೇ."

ಲೆಂಪಿ ನಿಂತಲ್ಲೇ ಹೇಳಿದಳು. ಗಂಜಿ ಸೀದದ್ದು, ವೈದ್ಯೆ ದೀಪ ಬಿಟ್ಟದ್ದು, ಅರ್ಮಾಸನ ಮುಖ, ಅರ್ಮಾಸನ ಹಲ್ಲು. ಹೇಳುತ್ತ ಹೇಳುತ್ತ ಅವಳ ಮಾತು ಸಲೀಸಾಯಿತು. ಕಾಯಿಲೆಯ ಕತೆ ಹೇಳುವಾಗ ಎಲ್ಲರ ಮಾತೂ ಸಲೀಸಾಗುತ್ತದೆ. "ನನ್ನ ಮೂಗು ಸತ್ತು ಹೋಗಿದೆ ವಿಯೆನೊ. ಅದಕ್ಕೇ ಹಿಂಗಾಯ್ತು," ಎಂದು ಮುಗಿಸಿದಳು.

ವಿಯೆನೊ ಬ್ರಷ್ಷನ್ನು ಬಕೆಟ್ಟಿಗೆ ಹಾಕಿದಳು.

"ಹುಳಿ ಮೂಗಲ್ಲಿ ಇರುತ್ತಾ ಲೆಂಪಿ?"

ಲೆಂಪಿ ಬಕೆಟ್ಟಿನ ಕಡೆ ನೋಡಿದಳು.

"ನಾನು ಬಸ್ಸು ಓಡಿಸೋಳು, ಓದಿದೋಳಲ್ಲ. ಆದ್ರೂ ನೆಗಡಿ ಬಂದಾಗ ನಿಂಬೆಹಣ್ಣು ಹುಳಿ ಅಂತ ನಂಗೂ ಗೊತ್ತಾಗುತ್ತೆ. ಹುಳಿ ಇರೋದು ನಾಲಿಗೇಲಿ. ನಿನ್ನ ನಾಲಿಗೆ ಸತ್ತಿದೆ ಅಂತ ಈ ಊರಲ್ಲಿ ಯಾರೂ ಹೇಳಲ್ಲ."

ಆ ಅಂಗಳಕ್ಕೆ ಬರುವ ದಾರಿಯಲ್ಲಿ ಲೆಂಪಿ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು ಬಂದಿದ್ದಳು. ಈ ಒಂದನ್ನು ಮಾತ್ರ ತಳದಲ್ಲಿ ಇಟ್ಟು, ಅದರ ಮೇಲೆ ಮೂಗನ್ನು ಮುಚ್ಚಿದ್ದಳು.

"ಹುಳಿ ಇರ್ಲಿಲ್ಲ," ಎಂದಳು. "ಸಿಹಿ ಇತ್ತು. ಒಂಚೂರು ಕಹಿ. ಹುಳಿ ಇಲ್ಲ ಅಂತ ನಾಲಿಗೆ ಹೇಳಿತ್ತು. ಆಮೇಲೆ ನಾನು ಅರ್ಮಾಸ್ ಕಡೆ ನೋಡಿದೆ."

ಬೂದಿನೀರು ಬೋರಲು ಬಿದ್ದ ಮರದಿಂದ ತೊಟ್ಟು ತೊಟ್ಟಾಗಿ ಹುಲ್ಲಿಗೆ ಬೀಳುತ್ತಿತ್ತು.

"ಇದನ್ನ ನಂಗೆ ಹೇಳಿ ಏನು ಉಪಯೋಗ," ಎಂದಳು ವಿಯೆನೊ. "ನನ್ನ ಸಹ್ತಿ ಹೇಗಿತ್ತು ಅಂತ ನಂಗೆ ಗೊತ್ತಿತ್ತು. ಐದು ಹಾಳೆ ಬಂದ್ಮೇಲೆ ಗೊತ್ತಿಲ್ದೇ ಹೋಯ್ತು, ಅಷ್ಟೆ. ಗೊತ್ತಾಗಬೇಕಾಗಿರೋದು ನಮ್ಮಕ್ಕಂಗೆ. ಅರ್ಧ ಹೆಜ್ಜೆ ಸರಿದ್ರಲ್ಲ, ಅವರಿಗೆ."

"ಬರೀತೀನಿ."

"ನೋಡೋಣ," ಎಂದು ವಿಯೆನೊ ಬ್ರಷ್ಷು ಎತ್ತಿಕೊಂಡಳು. ಗರಗಸವನ್ನು ಮುಟ್ಟಲಿಲ್ಲ, ಒಳಗೂ ಇಡಲಿಲ್ಲ.

ಶುಕ್ರವಾರ ಅಂಗಡಿ ತೆಗೆಯುವ ಹೊತ್ತಿಗೆ ಲೆಂಪಿ ಸೂಚನಾ ಫಲಕದ ಮುಂದೆ ನಿಂತಿದ್ದಳು. ಬೆಕ್ಕು ಕಳೆದುಹೋದ ಚೀಟಿ, ಆಲೂಗಡ್ಡೆ ಮಾರಾಟದ ಚೀಟಿಗಳ ನಡುವೆ ಜಾಗ ಮಾಡಿಕೊಂಡು ತನ್ನದನ್ನು ಒಂದು ಪಿನ್ನಿಗೆ ಸಿಕ್ಕಿಸಿದಳು. ದೊಡ್ಡ ಅಕ್ಷರದ ನಾಲ್ಕು ಸಾಲು: "ಏಳನೆಯ ಜಾಡಿ ಹುಳಿ ಇರಲಿಲ್ಲ. ನನಗೆ ಎರಡು ವರ್ಷದಿಂದ ವಾಸನೆ ತಿಳಿಯುವುದಿಲ್ಲ. ಇನ್ನೊಬ್ಬರ ಮುಖ ನೋಡಿ ಗುರುತು ಹಾಕಿದೆ. ತೀರ್ಪುಗಾರರ ಮೇಜಿನಿಂದ ಇವತ್ತಿಗೆ ಎದ್ದಿದ್ದೇನೆ." ಕೆಳಗೆ ಪೂರ್ತಿ ಹೆಸರು. ಅರ್ಮಾಸನ ಹಲ್ಲನ್ನು ಬರೆಯಲಿಲ್ಲ. ಅದು ಅವನು ಹೇಳಬೇಕಾದದ್ದು.

ತೂಲಿಯಾ ಬಾಗಿಲ ಬೀಗ ತೆಗೆದವಳು ಹಾಗೇ ನಿಂತು ಓದಿದಳು. ಎರಡು ಸಲ ಓದಿದಳು. ಲೆಂಪಿಯ ಕಡೆ ನೋಡದೆ ಪಿನ್ನಿನ ಡಬ್ಬಿ ತಂದು ಕಾಗದದ ಮಿಕ್ಕ ಮೂರು ಮೂಲೆಗೂ ಚುಚ್ಚಿದಳು, ಗಾಳಿಗೆ ಹಾರದಂತೆ. ಆಮೇಲೆ ಫೋನು ತೆಗೆದು ಅಮ್ಮನಿಗೆ ಮಾಡಿದಳು.

"ಅಮ್ಮಾ, ಇಲ್ಲಿ ಬಂದು ಒಂದು ಓದು... ಇಲ್ಲ, ಫೋನಲ್ಲಿ ಹೇಳಲ್ಲ. ಬಂದು ಓದು."

ಮಧ್ಯಾಹ್ನದೊಳಗೆ ಊರೆಲ್ಲ ಓದಿತು. ಕೆಲವರು, "ಪಾಪ, ಧೈರ್ಯ ಮಾಡಿದ್ಲು," ಎಂದರು. ಹೆಚ್ಚಿನವರು, "ಹಾಗಾದ್ರೆ ಹೋದ ವರ್ಷ ನಂಗೆ ಮೂವತ್ತೊಂದು ಕೊಟ್ಟಿದ್ಲಲ್ಲ, ಅದು?" ಎಂದರು. ಪ್ರತಿಯೊಬ್ಬರಿಗೂ ತಮ್ಮ ಹಳೆಯ ಹಾಳೆ ನೆನಪಾಯಿತು; ಬಹುಮಾನ ಬಂದವರಿಗೆ ಮಾತ್ರ ಯಾವುದೂ ನೆನಪಾಗಲಿಲ್ಲ. ಸ್ಪರ್ಧೆಯ ಸಮಿತಿ ಅಂದೇ ಸಭೆ ಸೇರಿತು. ಮುಂದಿನ ವರ್ಷದಿಂದ ತೀರ್ಪುಗಾರರ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಬೇಕು ಎಂದು ತೀರ್ಮಾನವಾಯಿತು. ಐದು ಜನ ದೊಡ್ಡವರು ತಮ್ಮ ತಮ್ಮ ಲೋಟವನ್ನೇ ನೋಡಿಕೊಂಡು ಕುಡಿಯುವುದಕ್ಕೆ ಬಡಗಿ ಬೇಕಾಯಿತು. ಅರ್ಮಾಸ್ ಹಲಗೆಯ ಅಳತೆ ಹೇಳಿದ. ಹಲ್ಲಿನ ವಿಷಯ ಹೇಳಲಿಲ್ಲ. ರಸ್ತೆಯಲ್ಲಿ ಲೆಂಪಿ ಎದುರಾದರೆ ಈಗ ಅವನು ಹತ್ತಿ ಇಲ್ಲದಿದ್ದರೂ ಬಾಯಿ ಬಿಡುವುದಿಲ್ಲ.

ಶನಿವಾರ ಬೆಳಿಗ್ಗೆ ಬಸ್ಸು ಲೆಂಪಿಯ ಮನೆ ಮುಂದೆ ನಿಂತಿತು. ಅಲ್ಲಿ ನಿಲ್ದಾಣ ಇಲ್ಲ. ವಿಯೆನೊ ಕಿಟಕಿಯಿಂದ, "ಅಕ್ಕ ಒಪ್ಪಿದ್ದಾಳೆ," ಎಂದಳು. "ಇವತ್ತು ಇಳಿಸಿದ್ರೆ ಮುಂದಿನ ಶನಿವಾರಕ್ಕೆ ಸರಿಯಾಗುತ್ತೆ. ಆದ್ರೆ ಮದುವೇಲಿ ಬಡಿಸೋ ಮೊದಲು ತಾನೇ ಒಂದು ಗುಟುಕು ನೋಡ್ತಾಳಂತೆ. ಹತ್ತು."

ಲೆಂಪಿ ಹತ್ತಿದಳು. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ.

ಕೂರ್ನಾ ನೆಟ್ಟಗೆ ಕೂತಿತ್ತು. ರಾತ್ರಿಯಿಡೀ ನೀರು ತುಂಬಿಟ್ಟದ್ದರಿಂದ ಮರ ಉಬ್ಬಿ, ಬಿರುಕು ಕಣ್ಣು ಮುಚ್ಚಿತ್ತು. ಹಂಡೆಯಲ್ಲಿ ನೀರು ಕಾಯುತ್ತಿತ್ತು, ಜುನಿಪರ್ ಸೊಪ್ಪಿನ ಕಟ್ಟು ಮೆಟ್ಟಿಲ ಮೇಲಿತ್ತು. ವಿಯೆನೊ ನೆಲಮಾಳಿಗೆಗೆ ಇಳಿದು ಒಂದು ಜಾಡಿ ಹಿಡಿದು ಬಂದಳು.

"ಏಳನೇ ನಂಬರು. ಅದೇ ಸಲದ್ದು. ಇದು ಕೊನೇದು." ಎರಡು ಹಿಡಿಯ ಮರದ ಬಟ್ಟಲಿಗೆ ಬಗ್ಗಿಸಿ ಲೆಂಪಿಯ ಕೈಗೆ ಕೊಟ್ಟಳು. "ಇದನ್ನ ನೋಡಿ ಹೇಳು. ಇರೋದನ್ನ ಹೇಳು."

ಕೊಟ್ಟವಳು ತಿರುಗಿ ನಿಂತಳು. ಬೆನ್ನು, ಅಡ್ಡಾದಿಡ್ಡಿ ಗಂಟು ಹಾಕಿದ ಏಪ್ರನ್ನಿನ ದಾರ, ಕುತ್ತಿಗೆಯ ಬೆವರು. ಓದುವುದಕ್ಕೆ ಅಲ್ಲಿ ಮುಖ ಇರಲಿಲ್ಲ.

ಲೆಂಪಿ ಬಟ್ಟಲನ್ನು ಮೂಗಿಗೆ ಹಿಡಿಯುವ ನಾಟಕ ಮಾಡಲಿಲ್ಲ. ಕಣ್ಣು ಮುಚ್ಚಿ ಗುಟುಕು ತೆಗೆದುಕೊಂಡಳು. ಸಿಹಿ ಬಂತು, ಮೊದಲಿಗಿಂತ ಕಡಿಮೆ. ಕಹಿ ಬಂತು. ಆಮೇಲೆ, ನುಂಗಿದ ಮೇಲೆ, ನಾಲಿಗೆಯ ಎರಡೂ ಅಂಚಿನಲ್ಲಿ ಸೂಜಿಮೊನೆಯಷ್ಟು ಏನೋ ಚುಚ್ಚಿತು. ಇನ್ನೊಂದು ಗುಟುಕು ತೆಗೆದುಕೊಂಡಳು. ಅದು ಅಲ್ಲೇ ಇತ್ತು.

ಇಲ್ಲ ಎಂದರೆ ಎಲ್ಲ ಮುಗಿಯುತ್ತಿತ್ತು. ಫಲಕದ ಮೇಲೆ ಹಾಗೇ ಬರೆದಿದ್ದಳು. ಊರು ಒಪ್ಪಿತ್ತು, ಮದುವೆಮನೆ ಒಪ್ಪಿತ್ತು. ಎದುರಿಗಿದ್ದ ಆ ಬೆನ್ನು ಕೇಳಲು ಕಾಯುತ್ತಿದ್ದದ್ದು ಆ ಒಂದೇ ಮಾತು ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಲೆಂಪಿಗೂ ಅನ್ನಿಸಿತು.

"ಸಿಹಿ ಇದೆ," ಎಂದಳು. "ಕಹಿ ಇದೆ. ಹುಳಿ... ಹುಳಿ ಇದೆ ವಿಯೆನೊ. ಸ್ವಲ್ಪ. ಆವತ್ತು ಇರ್ಲಿಲ್ಲ, ಇವತ್ತು ಇದೆ. ಮಿಕ್ಕಿದ್ದು ನಂಗೆ ಗೊತ್ತಾಗಲ್ಲ."

ವಿಯೆನೊ ತಿರುಗಿದಳು. ಬಟ್ಟಲು ಇಸಕೊಂಡು ತಾನೂ ಒಂದು ಗುಟುಕು ಕುಡಿದು, ಬಾಯಿ ಒರೆಸಿಕೊಂಡಳು.

"ಹೌದು. ಮೊನ್ನೆಯಿಂದ ತಿರುಗಿದೆ. ಎರಡು ವಾರಕ್ಕೆ ಯಾವ ಸಹ್ತಿ ತಾನೇ ನಿಲ್ಲುತ್ತೆ." ಜಾಡಿಯಲ್ಲಿ ಉಳಿದದ್ದನ್ನು ಬೇಲಿ ಬುಡದ ಹುಲ್ಲಿಗೆ ಚೆಲ್ಲಿದಳು. "ಗೊತ್ತಾಗಲ್ಲ ಅನ್ನೋದಕ್ಕೆ ನಿಮ್ಮ ಹಾಳೇಲಿ ಜಾಗ ಇದ್ಯಾ?"

"ಇಲ್ಲ."

"ಹಲಗೆ ಮಾಡ್ಸೋ ಬದ್ಲು ಅದನ್ನ ಮಾಡ್ಸೋಕೆ ಹೇಳು."

ಹಂಡೆಯ ನೀರು ಮುಚ್ಚಳ ಎತ್ತಿ ಕುದಿಯತೊಡಗಿತು. ವಿಯೆನೊ ಮೆಟ್ಟಿಲ ಮೇಲಿದ್ದ ಜುನಿಪರ್ ಕಟ್ಟನ್ನು ಎತ್ತಿ ಲೆಂಪಿಯ ಕೈಗೆ ಹಾಕಿದಳು. "ತಳಕ್ಕೆ ಹಾಸು. ತೂಬಿನ ಕಡೆ ದಪ್ಪಗಿರ್ಲಿ. ತೊಳೆದಿದ್ದೀನಿ, ನೋಡಬೇಡ."